ಹೊಲೊಗ್ರಾಂ ಬೆಳಕಿಗೆ ಆಕಾರ ಕೊಡುತ್ತದೆ. ಗುಟ್ಟನ್ನು ಕಾಯುವುದು ಯಾವುದು?

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನ ಪದವಿಪೂರ್ವ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಉಪನ್ಯಾಸಕಿ. ಹೊಲೊಗ್ರಾಂ ಬಳಸಿ ಲೇಸರ್ ಬೆಳಕನ್ನು ಸುರುಳಿಯಾಗಿ ತಿರುಚಿ, ಅದರ ಮೂಲಕ ಯಾರೂ ಭೇದಿಸಲಾಗದ ಕ್ವಾಂಟಂ ಸಂದೇಶ ಕಳಿಸುತ್ತಾರೆ ಎಂದು ಓದಿದೆ. ಎಟಿಎಂ ಕಾರ್ಡಿನ ಮೇಲೆ ಮಿನುಗುವ ಹೊಲೊಗ್ರಾಂಗೂ ಇದಕ್ಕೂ ಏನು ಸಂಬಂಧ? ತಿರುಚಿದ ಮಾತ್ರಕ್ಕೆ ಬೆಳಕು ಭದ್ರವಾಗುವುದು ಹೇಗೆ? ನಮ್ಮ ಕಡೆಯ ಗುಡ್ಡದ ನೆತ್ತಿಯಿಂದ ಪೇಟೆಗೆ ಇಂಥ ಸಂಪರ್ಕ ಸಾಧ್ಯವೇ? ಇದರಿಂದ ತಮಗೇನಾದರೂ ಉಪಯೋಗವಿದೆಯೇ ಎಂದು ನಮ್ಮೂರಿನ ಸಹಕಾರ ಸಂಘದವರೂ ಕೇಳುತ್ತಿದ್ದಾರೆ. ಕಾಲೇಜಿನಲ್ಲಿ ಮಕ್ಕಳಿಗೆ ತೋರಿಸಬಹುದಾದ ಪ್ರಯೋಗವಿದ್ದರೆ ಅದನ್ನೂ ತಿಳಿಸಿ.

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಈ ವಿಷಯದ ಜನಪ್ರಿಯ ಬರಹಗಳು ಹೆಚ್ಚಾಗಿ ಎಡವುವುದು ಅಲ್ಲಿಯೇ. ತಿರುಚಿದ ಮಾತ್ರಕ್ಕೆ ಬೆಳಕು ಭದ್ರವಾಗುವುದಿಲ್ಲ. ಸುರುಳಿ ಬೆಳಕನ್ನು ಗುರುತಿಸಲು ಬೇಕಾದ ಉಪಕರಣ ಯಾರ ಬಳಿಯಾದರೂ ಇರಬಹುದು. ಯಾವ ಯಾವ ಹೊಲೊಗ್ರಾಂಗಳ ನಡುವೆ ಆರಿಸಲಾಗುತ್ತದೆ ಎಂಬ ಪಟ್ಟಿಯನ್ನು ಬಸ್‌ಸ್ಟ್ಯಾಂಡಿನ ಗೋಡೆಗೆ ಅಂಟಿಸಿದರೂ ಈ ಪದ್ಧತಿಗೆ ಧಕ್ಕೆಯಾಗಬಾರದು. ಹೊಲೊಗ್ರಾಂ ಮಾಡುವುದು ಒಂದೊಂದು ಫೋಟಾನಿನ, ಅಂದರೆ ಬೆಳಕಿನ ಕಣದ, ಮೇಲೆ ಅಕ್ಷರ ಬರೆಯುವ ಮತ್ತು ಇನ್ನೊಂದು ತುದಿಯಲ್ಲಿ ಅದನ್ನು ಓದುವ ಕೆಲಸವನ್ನು. ಭದ್ರತೆ ಬರುವುದು, ಆ ಅಕ್ಷರಗಳನ್ನು ಒಂದಕ್ಕೊಂದು ಹೊಂದದ ಎರಡು ಮಾಲೆಗಳಿಂದ ಯಾದೃಚ್ಛಿಕವಾಗಿ ಆರಿಸಿ ಕಳಿಸುವುದರಿಂದ ಮತ್ತು ಆಮೇಲೆ ತಪ್ಪುಗಳನ್ನು ಪ್ರಾಮಾಣಿಕವಾಗಿ ಎಣಿಸುವುದರಿಂದ. ಈ ಎರಡು ಕೆಲಸಗಳನ್ನು ಬೇರೆಬೇರೆಯಾಗಿ ಇಟ್ಟುಕೊಂಡರೆ ಉಳಿದ ಪ್ರಶ್ನೆಗಳು ಸಲೀಸಾಗಿ ಬಿಡಿಸಿಕೊಳ್ಳುತ್ತವೆ.

ಈಗ ಕಾರ್ಡಿನ ಹೊಲೊಗ್ರಾಂ ವಿಚಾರ. ಡೆನಿಸ್ ಗೇಬರ್ 1948ರಲ್ಲಿ ಪ್ರಕಟಿಸಿದ, 1971ರಲ್ಲಿ ಅವರಿಗೆ ನೊಬೆಲ್ ತಂದುಕೊಟ್ಟ ಮೂಲ ಕಲ್ಪನೆ ಎರಡಕ್ಕೂ ಒಂದೇ: ವಸ್ತುವಿನಿಂದ ಬರುವ ಅಲೆಯನ್ನು ಇನ್ನೊಂದು ಸರಳ ಅಲೆಯೊಡನೆ ಬೆರೆಸಿದಾಗ ಉಂಟಾಗುವ ವ್ಯತಿಕರಣದ ಪಟ್ಟಿಗಳನ್ನು ದಾಖಲಿಸಿಕೊಂಡರೆ, ಆ ದಾಖಲೆಯ ಮೇಲೆ ಮತ್ತೆ ಸರಳ ಅಲೆಯನ್ನು ಬೀಳಿಸಿ ಮೊದಲಿನ ಅಲೆಯನ್ನೇ ಮರಳಿ ಪಡೆಯಬಹುದು. ಕಾರ್ಡಿನ ಮೇಲಿರುವುದು ಹಾಗೆ ಅಚ್ಚೊತ್ತಿದ ಸೂಕ್ಷ್ಮ ಗೀರುಗಳ ಹಾಳೆ. ಅದರ ಭದ್ರತೆಯೆಂದರೆ ನಕಲು ಮಾಡುವುದು ಕಷ್ಟ ಮತ್ತು ದುಬಾರಿ ಎಂಬುದಷ್ಟೇ. ಪ್ರಯೋಗಾಲಯದ ಹೊಲೊಗ್ರಾಂನಲ್ಲಿ ಮೊದಲು ದಾಖಲಿಸಬೇಕಾದ ವಸ್ತುವೇ ಇರುವುದಿಲ್ಲ. ನಮಗೆ ಎಂಥ ಅಲೆ ಬೇಕೋ ಅದನ್ನು ಗಣಿತದಲ್ಲಿ ಬರೆದು, ಅದು ಸರಳ ಅಲೆಯೊಡನೆ ಬೆರೆತಿದ್ದರೆ ಯಾವ ಪಟ್ಟಿಗಳು ಮೂಡುತ್ತಿದ್ದವು ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಆ ಪಟ್ಟಿಗಳನ್ನು ನೇರವಾಗಿ ಒಂದು ಪರದೆಯ ಮೇಲೆ ಮೂಡಿಸುತ್ತಾರೆ. ಲೆಕ್ಕದ ಹೊಲೊಗ್ರಾಂ ಹೊಸತೇನಲ್ಲ, 1960ರ ದಶಕದಿಂದಲೂ ಇದೆ. ಹೊಸತೆಂದರೆ ಪರದೆ.

ಆ ಪರದೆ ಸಿಲಿಕಾನ್ ಮೇಲೆ ದ್ರವಸ್ಫಟಿಕದ ತೆಳುಪದರ ಹರಡಿದ ಪುಟ್ಟ ಕನ್ನಡಿ. ಸಾಮಾನ್ಯವಾಗಿ ಸಿಗುವ ಒಂದು ಬಗೆಯಲ್ಲಿ ಅದರ ಕೆಲಸದ ಭಾಗ 15 ಮಿ.ಮೀ. ಅಗಲ, 9 ಮಿ.ಮೀ. ಎತ್ತರವಿದ್ದು, ಅಷ್ಟರಲ್ಲೇ 1920 ಅಡ್ಡ, 1080 ಉದ್ದ ಚುಕ್ಕೆಗಳಿರುತ್ತವೆ. ಒಂದೊಂದು ಚುಕ್ಕೆ 8 ಮೈಕ್ರೊಮೀಟರ್. ಪ್ರತಿ ಚುಕ್ಕೆಗೂ ಬೇರೆಬೇರೆ ವೋಲ್ಟೇಜ್ ಕೊಟ್ಟು ಅಲ್ಲಿ ಪ್ರತಿಫಲಿಸುವ ಬೆಳಕಿನ ಪ್ರಾವಸ್ಥೆಯನ್ನು, ಅಂದರೆ ಫೇಸನ್ನು, 256 ಮೆಟ್ಟಿಲುಗಳಲ್ಲಿ ಹಿಂದೆ ಮುಂದೆ ಸರಿಸಬಹುದು. ಕಂಪ್ಯೂಟರಿಗೆ ಅದು ಎರಡನೆಯ ಮಾನಿಟರ್ ಇದ್ದಹಾಗೆ ಕಾಣುತ್ತದೆ. ಕಪ್ಪು, ಬೂದು, ಬಿಳಿಯ ಚಿತ್ರವೊಂದನ್ನು ಅದಕ್ಕೆ ಕಳಿಸಿದರೆ ಆ ಬೂದುಬಣ್ಣವೇ ಪ್ರಾವಸ್ಥೆಯಾಗುತ್ತದೆ. ಬರಿಗಣ್ಣಿಗೆ ಮಾತ್ರ ಪರದೆಯ ಮೇಲೆ ಏನೂ ಬದಲಾಗಿರುವುದಿಲ್ಲ.

ಸುರುಳಿ ಬೆಳಕಿಗೆ ಬೇಕಾದ ಚಿತ್ರ ನೋಡಲು ಸೊಗಸಾಗಿದೆ. ಬೆಳಕನ್ನು ಪಕ್ಕಕ್ಕೆ ತಿರುಗಿಸುವ ಗೆರೆಗಳ ಹಾಳೆಗೆ ಗ್ರೇಟಿಂಗ್ ಎನ್ನುತ್ತಾರೆ; ಸಾಮಾನ್ಯ ಗ್ರೇಟಿಂಗ್‌ನಲ್ಲಿ ಸಮಾನಾಂತರ ಗೆರೆಗಳಿರುತ್ತವೆ. ಇಲ್ಲಿ, ಸಾಲು ಹಿಡಿದು ನಾಟಿ ಮಾಡಿದ ಗದ್ದೆಯ ನಟ್ಟನಡುವೆ ಯಾರೋ ಒಂದು ಹೊಸ ಸಾಲನ್ನು ಆರಂಭಿಸಿದರೆ ಅಕ್ಕಪಕ್ಕದ ಸಾಲುಗಳು ಹೇಗೆ ಸ್ವಲ್ಪ ಬಾಗಿ ದಾರಿ ಬಿಡಬೇಕಾಗುತ್ತದೆಯೋ, ಹಾಗೆ ಮಧ್ಯದಲ್ಲಿ ಒಂದು ಗೆರೆ ಕವಲೊಡೆದಿರುತ್ತದೆ. ಕೀವ್‌ನ ಭೌತವಿಜ್ಞಾನಿಗಳು 1990ರಲ್ಲಿ ಇಂಥ ಕವಲು ಗ್ರೇಟಿಂಗಿನಿಂದ ಸುರುಳಿ ಬೆಳಕು ಹೊಮ್ಮುವುದನ್ನು ತೋರಿಸಿದರು. ಕವಲಿನ ಸುತ್ತ ಒಂದು ಸುತ್ತು ಬಂದರೆ ಬೆಳಕಿನ ಪ್ರಾವಸ್ಥೆ ಸರಿಯಾಗಿ ಒಂದು ಪೂರ್ಣ ಆವರ್ತ ಮುಂದೆ ಸರಿದಿರುತ್ತದೆ. ಎರಡು ಗೆರೆ ಹೆಚ್ಚಾಗಿ ಸೇರಿದ್ದರೆ ಎರಡು ಆವರ್ತ. ನಟ್ಟನಡುವಿನ ಬಿಂದುವಿನಲ್ಲಿ ಎಲ್ಲ ಪ್ರಾವಸ್ಥೆಗಳೂ ಒಟ್ಟಿಗೆ ಬಂದು ಒಂದನ್ನೊಂದು ಅಳಿಸಿಹಾಕುವುದರಿಂದ, ಬಿಳಿಯ ಕಾಗದದ ಮೇಲೆ ಬೀಳುವ ಬೆಳಕು ನಡುವೆ ಕಪ್ಪಾದ ಉಂಗುರವಾಗಿರುತ್ತದೆ. ಲೆಸ್ ಆಲೆನ್ ಮತ್ತು ಲೈಡನ್ನಿನ ಅವರ ಸಂಗಡಿಗರು 1992ರಲ್ಲಿ ಇದರ ಆಳದ ಅರ್ಥವನ್ನು ತೆರೆದಿಟ್ಟರು: ಇಂಥ ಬೆಳಕಿನ ಪ್ರತಿಯೊಂದು ಫೋಟಾನೂ ತಿರುವಿನ ಸಂಖ್ಯೆಗೆ ಅನುಗುಣವಾದ ಕಕ್ಷೀಯ ಕೋನೀಯ ಸಂವೇಗವನ್ನು ಹೊತ್ತಿರುತ್ತದೆ. ತಿರುವಿನ ಸಂಖ್ಯೆ ಸೊನ್ನೆ, ಒಂದು, ಎರಡು, ಮೂರು ಎಂದು ಮೇಲಕ್ಕೂ, ಎದುರು ದಿಕ್ಕಿನಲ್ಲಿ ಋಣಸಂಖ್ಯೆಗಳಾಗಿಯೂ ಬೆಳೆಯಬಹುದು. ಧ್ರುವೀಕರಣಕ್ಕೆ, ಅಂದರೆ ಬೆಳಕಿನ ಅಲೆ ಕಂಪಿಸುವ ದಿಕ್ಕಿಗೆ, ಇರುವುದು ಎರಡೇ ಆಯ್ಕೆ. ತಿರುವಿಗೆ ತಾತ್ವಿಕವಾಗಿ ಮಿತಿಯಿಲ್ಲ.

ಓದುವುದಕ್ಕೂ ಹೊಲೊಗ್ರಾಂ ಬೇಕು. ಬಂದ ಬೆಳಕನ್ನು ಎದುರು ತಿರುವಿನ ಕವಲಿನ ಮೇಲೆ ಬೀಳಿಸಿದರೆ, ಎರಡು ತಿರುವುಗಳೂ ಪರಸ್ಪರ ಕಳೆದುಹೋಗಿ ಉಂಗುರದ ನಡುವಿನ ಕಪ್ಪು ಮಾಯವಾಗುತ್ತದೆ. ಅಲ್ಲಿ ಒಂದು ಪ್ರಖರ ಬಿಂದು ಮೂಡುತ್ತದೆ. ಆ ಬಿಂದು ಮಾತ್ರ ಏಕಪಥ ಆಪ್ಟಿಕಲ್ ಫೈಬರಿನ ಸೂಕ್ಷ್ಮ ಗರ್ಭದೊಳಗೆ ತೂರಬಲ್ಲದು. ಹಾಗಾಗಿ ಫೈಬರಿನ ಇನ್ನೊಂದು ತುದಿಯ ಡಿಟೆಕ್ಟರ್ ಸದ್ದು ಮಾಡಿದರೆ 'ತಿರುವು ಹೊಂದಿತು' ಎಂದು ಅರ್ಥ. ವಿಯೆನ್ನಾದಲ್ಲಿ ಆಂಟನ್ ಝೈಲಿಂಗರ್ ಅವರ ತಂಡ 2001ರಲ್ಲಿ, ಪರಸ್ಪರ ಹೆಣೆದುಕೊಂಡ ಫೋಟಾನ್ ಜೋಡಿಗಳ ತಿರುವುಗಳ ನಡುವೆ ಕ್ವಾಂಟಂ ಸಂಬಂಧವಿರುವುದನ್ನು ತೋರಿಸಿದ್ದು ಇದೇ ಉಪಾಯದಿಂದ.

ಇನ್ನು ಭದ್ರತೆ. ಇದರ ಮೂಲ ವಿಧಾನವನ್ನು ಚಾರ್ಲ್ಸ್ ಬೆನೆಟ್ ಮತ್ತು ಜೀಲ್ ಬ್ರಸ್ಸಾರ್ ಅವರು ಮಂಡಿಸಿದ್ದು ನಮ್ಮ ಬೆಂಗಳೂರಿನಲ್ಲಿಯೇ, 1984ರ ಡಿಸೆಂಬರಿನಲ್ಲಿ ನಡೆದ ಸಮ್ಮೇಳನವೊಂದರಲ್ಲಿ. ನಮ್ಮ ಪಠ್ಯಪುಸ್ತಕಗಳಲ್ಲಿ ಈ ಸಂಗತಿಗೆ ಒಂದು ಸಾಲಾದರೂ ಸಿಗಬೇಕಿತ್ತು ಎಂಬುದು ನನ್ನ ಅನಿಸಿಕೆ. ಅವರು ಧ್ರುವೀಕರಣವನ್ನು ಬಳಸಿದ್ದರು. ಅದನ್ನೇ ತಿರುವಿಗೆ ಅನ್ವಯಿಸೋಣ. ಮೊದಲ ಮಾಲೆಯಲ್ಲಿ ನಾಲ್ಕು ತಿರುವುಗಳಿವೆ ಎಂದಿಟ್ಟುಕೊಳ್ಳಿ. ಎರಡನೆಯ ಮಾಲೆಯಲ್ಲಿಯೂ ನಾಲ್ಕು ಆಕಾರಗಳು, ಆದರೆ ಅವುಗಳಲ್ಲಿ ಪ್ರತಿಯೊಂದೂ ಮೊದಲ ಮಾಲೆಯ ನಾಲ್ಕೂ ತಿರುವುಗಳ ಸಮಪಾಲಿನ ಬೆರಕೆ. ಬೆರಕೆಯಲ್ಲಿ ಪ್ರಾವಸ್ಥೆಗಳ ಜೋಡಣೆ ಮಾತ್ರ ಬೇರೆಬೇರೆ. ಎರಡನೆಯ ಮಾಲೆಯ ಫೋಟಾನನ್ನು ಮೊದಲ ಮಾಲೆಯ ಹೊಲೊಗ್ರಾಂನಿಂದ ಓದಲು ಹೋದರೆ ನಾಲ್ಕು ಉತ್ತರಗಳಲ್ಲಿ ಯಾವುದಾದರೂ ಸಮಾನ ಸಂಭವದಿಂದ ಬರುತ್ತದೆ, ಮೂಲ ಅಕ್ಷರ ಅಳಿಸಿಹೋಗುತ್ತದೆ. ಹಾಗಾದರೆ ಒಂದು ನಕಲು ತೆಗೆದಿಟ್ಟುಕೊಂಡು ಎರಡೂ ವಿಧಗಳಲ್ಲಿ ಓದಬಾರದೇಕೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಗೊತ್ತಿಲ್ಲದ ಕ್ವಾಂಟಂ ಸ್ಥಿತಿಯನ್ನು ತದ್ವತ್ತಾಗಿ ನಕಲು ಮಾಡಲಾಗದು ಎಂದು 1982ರಲ್ಲಿ ವೂಟರ್ಸ್ ಮತ್ತು ಝೂರೆಕ್, ಹಾಗೂ ಬೇರೆಯಾಗಿ ಡೀಕ್ಸ್, ಸಾಧಿಸಿಕೊಟ್ಟಿದ್ದಾರೆ.

ಕಳಿಸುವವರೂ ಪಡೆಯುವವರೂ ಪ್ರತಿ ಫೋಟಾನಿಗೂ ಮಾಲೆಯನ್ನು ತಮ್ಮತಮ್ಮಷ್ಟಕ್ಕೆ ಯಾದೃಚ್ಛಿಕವಾಗಿ ಆರಿಸುತ್ತಾರೆ. ಆಮೇಲೆ ಬಹಿರಂಗವಾಗಿಯೇ 'ಯಾವ ಮಾಲೆ' ಎಂಬುದನ್ನಷ್ಟೇ ಹೋಲಿಸಿ, ಹೊಂದಿದವುಗಳನ್ನು ಉಳಿಸಿಕೊಳ್ಳುತ್ತಾರೆ. ನಡುವೆ ಒಬ್ಬರು ಕದ್ದು ಓದಿ, ತಾವು ಕಂಡದ್ದನ್ನೇ ಮತ್ತೆ ಕಳಿಸುತ್ತಿದ್ದರೆ, ಅರ್ಧದಷ್ಟು ಸಲ ಅವರು ತಪ್ಪು ಮಾಲೆ ಹಿಡಿದಿರುತ್ತಾರೆ. ಎರಡೇ ಅಕ್ಷರಗಳ ಮಾಲೆಯಾದರೆ ಇದರಿಂದ 25% ತಪ್ಪುಗಳು ಹುಟ್ಟುತ್ತವೆ. ನಾಲ್ಕು ಅಕ್ಷರಗಳಾದರೆ 37.5%. ಉಳಿಸಿಕೊಂಡವುಗಳಲ್ಲಿ ಒಂದು ಪಾಲನ್ನು ಬಹಿರಂಗಪಡಿಸಿ ತಪ್ಪು ಎಣಿಸಿದರೆ ಕಳ್ಳತನ ಬಯಲಾಗುತ್ತದೆ. ಇಷ್ಟೆಲ್ಲ ಮಾಡಿ ಸಿಗುವುದು ಸಂದೇಶವಲ್ಲ, ಇಬ್ಬರಿಗೆ ಮಾತ್ರ ಗೊತ್ತಿರುವ ಒಂದು ಕೀಲಿ ಎಂಬುದನ್ನೂ ಗಮನಿಸಿ. ಸಂದೇಶವನ್ನು ಆ ಕೀಲಿಯಿಂದ ಗೂಢಲಿಪಿಯಾಗಿಸಿ ಮಾಮೂಲಿ ಇಂಟರ್ನೆಟ್ಟಿನಲ್ಲೇ ಕಳಿಸುತ್ತಾರೆ.

ಆಕಾರಗಳನ್ನು ಹೆಚ್ಚಿಸುವುದರಿಂದ ಆಗುವ ನಿಜವಾದ ಲಾಭ ಇಲ್ಲಿದೆ. ಎರಡು ಅಕ್ಷರಗಳ ಪದ್ಧತಿಯಲ್ಲಿ ತಪ್ಪಿನ ಪ್ರಮಾಣ ಸುಮಾರು 11% ಮುಟ್ಟಿದರೆ ಸುರಕ್ಷಿತ ಕೀಲಿ ಸೊನ್ನೆಗಿಳಿಯುತ್ತದೆ. ನಾಲ್ಕರಲ್ಲಿ ಆ ಮಿತಿ ಸುಮಾರು 19%ರವರೆಗೆ ಏರುತ್ತದೆ. ಕೆನಡಾದ ಒಟ್ಟಾವಾದಲ್ಲಿ 2017ರಲ್ಲಿ ಎರಡು ಕಟ್ಟಡಗಳ ಮಾಳಿಗೆಗಳ ನಡುವೆ, 300 ಮೀಟರ್ ಬಯಲುಗಾಳಿಯಲ್ಲಿ, ನಾಲ್ಕು ಆಕಾರಗಳ ಪ್ರಯೋಗ ನಡೆಯಿತು. ಅಲ್ಲಿ ತಪ್ಪು 11% ಇದ್ದರೂ, ಮಾಲೆ ಹೊಂದಿ ಉಳಿದ ಪ್ರತಿ ಫೋಟಾನಿಗೆ 0.65 ಬಿಟ್ ಸುರಕ್ಷಿತ ಕೀಲಿ ದಕ್ಕುವ ಲೆಕ್ಕ ಬಂತು. ಅಮೆರಿಕದ ರೋಚೆಸ್ಟರ್‌ನಲ್ಲಿ 2015ರಲ್ಲಿ ಏಳು ಆಕಾರಗಳನ್ನು ಬಳಸಿ ಪ್ರತಿ ಫೋಟಾನಿಗೆ 2.05 ಬಿಟ್ ಸಾಗಿಸಿದ್ದರು. ಆದರೆ ಅಕ್ಷರಗಳು ಎರಡರಷ್ಟಾದರೆ ಪ್ರತಿ ಫೋಟಾನಿಗೆ ಹೆಚ್ಚುವುದು ಒಂದೇ ಬಿಟ್. ನಾಲ್ಕಕ್ಕೆ ಎರಡು, ಎಂಟಕ್ಕೆ ಮೂರು, ಹದಿನಾರಕ್ಕೆ ನಾಲ್ಕು. 'ಮಿತಿಯಿಲ್ಲದ ಮಾಹಿತಿ' ಎಂಬ ಶೀರ್ಷಿಕೆ ಕಂಡಾಗ ಈ ಲಾಗರಿದಮ್ ಅನ್ನು ನೆನಪಿಡಿ.

ಪದ್ಧತಿಯ ದುರ್ಬಲ ಜಾಗ ಯಾವುದು ಎಂದು ನೀವು ಕೇಳಿಲ್ಲ, ಆದರೂ ಹೇಳಲೇಬೇಕು, ಏಕೆಂದರೆ ಅದು ಹೊಲೊಗ್ರಾಂ ಪರದೆಯಲ್ಲೇ ಇದೆ. ದ್ರವಸ್ಫಟಿಕದ ಪರದೆ ಸಾಮಾನ್ಯವಾಗಿ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತದೆ. ಧ್ರುವೀಕರಣವನ್ನೋ ಪ್ರಾವಸ್ಥೆಯನ್ನೋ ಬಳಸುವ ಇಂದಿನ ಯಂತ್ರಗಳು ಸೆಕೆಂಡಿಗೆ ನೂರು ಕೋಟಿ ಮಿಡಿತಗಳನ್ನು ಕಳಿಸಿ, ಪ್ರತಿಯೊಂದಕ್ಕೂ ಹೊಸ ಆಯ್ಕೆ ಮಾಡುತ್ತವೆ. ಪರದೆಯ ಮೇಲೆ ಒಂದೇ ಚಿತ್ರವಿರುವ 16 ಮಿಲಿಸೆಕೆಂಡುಗಳಲ್ಲಿ ಸಾವಿರಾರು ಮಿಡಿತಗಳನ್ನು ಕಳಿಸಿಬಿಟ್ಟರೆ ಏನಾದೀತು? ಅವೆಲ್ಲವೂ ಒಂದೇ ಅಕ್ಷರದ ಸಾವಿರಾರು ಪ್ರತಿಗಳು. ನಕಲು ಮಾಡಲಾಗದು ಎಂಬ ನಿಯಮದ ರಕ್ಷಣೆಯನ್ನು ಕಳಿಸುವವರೇ ಕೈಯಾರೆ ಬಿಟ್ಟುಕೊಟ್ಟಂತಾಯಿತು. ಕದಿಯುವವರು ಕೆಲವನ್ನು ಒಂದು ಮಾಲೆಯಲ್ಲೂ ಕೆಲವನ್ನು ಇನ್ನೊಂದರಲ್ಲೂ ಓದಿ ಉತ್ತರ ತಿಳಿದುಕೊಳ್ಳುತ್ತಾರೆ. ಇನ್ನೂ ಒಂದು ಕುತಂತ್ರವಿದೆ: ಹೊರಗಿನಿಂದ ಪ್ರಬಲ ಬೆಳಕನ್ನು ಯಂತ್ರದೊಳಗೆ ತೂರಿಸಿ, ಪರದೆಯಿಂದ ಮರಳಿ ಬರುವ ಬೆಳಕಿನ ಆಕಾರ ನೋಡಿ, ಈಗ ಯಾವ ಹೊಲೊಗ್ರಾಂ ಇದೆ ಎಂದು ಕಂಡುಹಿಡಿಯುವುದು. ಒಂದೇ ಚಿತ್ರ ಹೆಚ್ಚು ಹೊತ್ತು ನಿಂತಷ್ಟೂ ಅವರ ಕೆಲಸ ಸುಲಭ. ರೋಚೆಸ್ಟರ್‌ನವರು ದ್ರವಸ್ಫಟಿಕದ ಬದಲು ಸಹಸ್ರಾರು ಸೂಕ್ಷ್ಮ ಕನ್ನಡಿಗಳ ಚಿಪ್ಪನ್ನು ಬಳಸಿ ಸೆಕೆಂಡಿಗೆ 4,000 ಸಲ ಆಕಾರ ಬದಲಿಸಿದರು; ಅದೂ ಸಾಲದು. ಪ್ರತಿ ಆಕಾರಕ್ಕೂ ಒಂದು ಸ್ಥಿರ ಹೊಲೊಗ್ರಾಂ ಇಟ್ಟು, ಅವುಗಳ ಮುಂದೆ ವೇಗದ ಸ್ವಿಚ್ಚುಗಳನ್ನು ಅಳವಡಿಸುವುದೇ ನನ್ನ ದೃಷ್ಟಿಯಲ್ಲಿ ಸರಿಯಾದ ದಾರಿ.

ಓದುವ ತುದಿಯಲ್ಲೂ ತೊಡಕಿದೆ. ಮೇಲೆ ಹೇಳಿದ ಎದುರು ಕವಲು 'ಇದು ಮೂರನೆಯ ತಿರುವೇ?' ಎಂದು ಮಾತ್ರ ಕೇಳಬಲ್ಲದು. ಅಲ್ಲವೆಂದಾದರೆ ಫೋಟಾನ್ ವ್ಯರ್ಥ. ಹೀಗಾಗಿ ಆಕಾರಗಳನ್ನು ಹೆಚ್ಚಿಸಿದಷ್ಟೂ ಓದದೆ ಕಳೆದುಕೊಳ್ಳುವ ಫೋಟಾನುಗಳೂ ಹೆಚ್ಚುತ್ತವೆ, ಗಳಿಸಿದ್ದು ಅಲ್ಲೇ ಸೋರಿಹೋಗುತ್ತದೆ. ಇದಕ್ಕಾಗಿ ಒಂದರ ಹಿಂದೊಂದು ಹಲವು ಹೊಲೊಗ್ರಾಂಗಳನ್ನಿಟ್ಟು, ಪ್ರತಿ ತಿರುವೂ ಬೇರೆ ಜಾಗದಲ್ಲಿ ಬಂದು ಬೀಳುವಂತೆ ವಿಂಗಡಿಸುವ ಸಾಧನಗಳು ಬಂದಿವೆ. ಏಳು ಹೊಲೊಗ್ರಾಂಗಳಿಂದ 210 ಆಕಾರಗಳನ್ನು ವಿಂಗಡಿಸಿದ ಪ್ರಯೋಗ 2019ರಲ್ಲಿ ಪ್ರಕಟವಾಗಿದೆ.

ಇನ್ನು ನಮ್ಮ ಮಲೆನಾಡು. ಎದುರಾಬದುರಾ ಕಾಣುವ 20 ಕಿ.ಮೀ. ದಾರಿಯೊಂದು ಗುಡ್ಡದಿಂದ ಪೇಟೆಗೆ ಸಿಕ್ಕಿತು ಎಂದಿಟ್ಟುಕೊಳ್ಳೋಣ. 1550 ನ್ಯಾನೊಮೀಟರ್ ತರಂಗದೂರದ, ತ್ರಿಜ್ಯ 5 ಸೆಂ.ಮೀ. ಇರುವ ಸಾದಾ ಲೇಸರ್ ಕಿರಣ ಅಷ್ಟು ದೂರ ಹೋಗುವಷ್ಟರಲ್ಲಿ ಸುಮಾರು 20 ಸೆಂ.ಮೀ. ತ್ರಿಜ್ಯಕ್ಕೆ ಹರಡಿರುತ್ತದೆ. ಎಂಟನೆಯ ತಿರುವಿನ ಬೆಳಕು ಅದರ ಮೂರರಷ್ಟು ಹರಡುತ್ತದೆ, ಅಂದರೆ ಅದನ್ನು ಹಿಡಿಯಲು ಸುಮಾರು 1.2 ಮೀಟರ್ ವ್ಯಾಸದ ಕನ್ನಡಿ ಬೇಕು. ಇದಾದ ಮೇಲೆ ಗಾಳಿ. ಒಂದು ಡಿಗ್ರಿ ಉಷ್ಣತೆ ಹೆಚ್ಚಿದರೆ ಗಾಳಿಯ ವಕ್ರೀಭವನಾಂಕ ಸುಮಾರು ಹತ್ತು ಲಕ್ಷದಲ್ಲಿ ಒಂದು ಪಾಲು ಇಳಿಯುತ್ತದೆ. ಕೇಳಲು ಅಲ್ಪ, ಆದರೆ 10 ಸೆಂ.ಮೀ. ಗಾತ್ರದ ಒಂದು ಬಿಸಿಗಾಳಿಯ ಸುಳಿ ಕೆಂಪು ಬೆಳಕಿನ ಅಲೆಯನ್ನು ಆರನೆಯ ಒಂದು ಆವರ್ತದಷ್ಟು ಸರಿಸಲು ಅಷ್ಟೇ ಸಾಕು, ಮತ್ತು ದಾರಿಯುದ್ದಕ್ಕೂ ಅಂಥ ಸುಳಿಗಳು ಎಷ್ಟೋ. ಮೂರನೆಯ ತಿರುವಿನ ಫೋಟಾನ್ ಎರಡನೆಯದೋ ನಾಲ್ಕನೆಯದೋ ಆಗಿ ಬಂದು ತಲುಪುತ್ತದೆ, ತಪ್ಪಿನ ಲೆಕ್ಕ ಏರುತ್ತದೆ. ಸ್ಪೇನಿಗೆ ಸೇರಿದ ಕೆನರಿ ದ್ವೀಪಗಳಲ್ಲಿ 143 ಕಿ.ಮೀ. ದೂರಕ್ಕೆ ಸುರುಳಿ ಆಕಾರಗಳನ್ನು ಕಳಿಸಿ ಗುರುತಿಸಿದ್ದಾರೆ ನಿಜ, ಆದರೆ ಅದು ಒಂಟಿ ಫೋಟಾನುಗಳ ಕೀಲಿ ವಿನಿಮಯವಾಗಿರಲಿಲ್ಲ, ಪ್ರಬಲ ಲೇಸರ್ ಕಿರಣವಾಗಿತ್ತು.

ಮಳೆಗಾಲದ ಮಾತು ಬೇರೆಯೇ. ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಮಿಕ್ಕಿ ಮಳೆ ಬೀಳುವ ಆಗುಂಬೆಯ ಸುತ್ತ, ಆರಿದ್ರೆಯಿಂದ ಆಶ್ಲೇಷದವರೆಗೆ ಗುಡ್ಡದ ನೆತ್ತಿ ಕಾಣುವುದೇ ಅಪರೂಪ. ಇನ್ನೂರು ಮೀಟರ್ ಆಚೆ ಏನೂ ಕಾಣದ ಮಂಜಿನಲ್ಲಿ ಬೆಳಕು ಒಂದು ಕಿ.ಮೀ. ಸಾಗುವಷ್ಟರಲ್ಲಿ ನೂರು ಕೋಟಿ ಫೋಟಾನುಗಳಲ್ಲಿ ಮೂರು ಉಳಿದರೆ ಹೆಚ್ಚು. ಇದು ತಿರುವಿನ ದೋಷವಲ್ಲ, ಯಾವ ಬಗೆಯ ಬೆಳಕಿಗೂ ಇದೇ ಗತಿ. ಜನವರಿಯ ಒಂದು ತಿಳಿ ರಾತ್ರಿ ಪ್ರಯೋಗ ಮಾಡಿ ತೋರಿಸಬಹುದು. ವರ್ಷವಿಡೀ ನಂಬಬಹುದಾದ ಸಂಪರ್ಕ ಕಟ್ಟಲಾಗದು.

ಫೈಬರಿನಲ್ಲಾದರೂ ಕಳಿಸಬಹುದಲ್ಲ ಎಂದರೆ, ನೆಲದಡಿಯಲ್ಲಿ ಈಗಾಗಲೇ ಹೂತಿರುವ ಏಕಪಥ ಫೈಬರಿನ ಗರ್ಭ 9 ಮೈಕ್ರೊಮೀಟರಿನಷ್ಟು ಕಿರಿದು. ಅದು ಸಾದಾ ಆಕಾರವೊಂದನ್ನು ಬಿಟ್ಟು ಬೇರೆ ಯಾವುದನ್ನೂ ಒಯ್ಯುವುದಿಲ್ಲ. ಸುರುಳಿಗೆ ಉಂಗುರಗರ್ಭದ ವಿಶೇಷ ಫೈಬರ್ ಬೇಕು, ಅದರಲ್ಲಿ ಈವರೆಗಿನ ಕೀಲಿ ವಿನಿಮಯದ ಪ್ರಯೋಗಗಳು ಕಿಲೋಮೀಟರುಗಳ ಲೆಕ್ಕದವು. ಇನ್ನು ಆಕಾರದ ಗೊಡವೆ ಬಿಟ್ಟು ಮಾಮೂಲಿ ಫೈಬರಿನಲ್ಲಿ ಕೀಲಿ ಕಳಿಸುತ್ತೇವೆ ಎಂದರೂ, ಪ್ರತಿ ಕಿಲೋಮೀಟರಿಗೆ 0.2 ಡೆಸಿಬೆಲ್ ನಷ್ಟದ ಲೆಕ್ಕದಲ್ಲಿ ಶಿವಮೊಗ್ಗದಿಂದ ಬೆಂಗಳೂರಿಗೆ ಸುಮಾರು 300 ಕಿ.ಮೀ. ಹೋಗುವಾಗ ಹತ್ತು ಲಕ್ಷದಲ್ಲಿ ಒಂದು ಫೋಟಾನ್ ಮುಟ್ಟುತ್ತದೆ. ನಡುವೆ ತರೀಕೆರೆ, ಅರಸೀಕೆರೆ, ತುಮಕೂರುಗಳಂಥ ಕಡೆ ಕೀಲಿಯನ್ನು ಬಿಡಿಸಿ ಮತ್ತೆ ಕಳಿಸುವ ಠಾಣೆಗಳಿದ್ದರೆ ಕೆಲಸ ಸಾಗುತ್ತದೆ, ಆದರೆ ಆ ಠಾಣೆಯವರನ್ನೆಲ್ಲ ನಂಬಬೇಕು. ದೇಶದಲ್ಲಿ ಆಗಿರುವ ಕೆಲಸವೂ ಬಹುಪಾಲು ಸಾದಾ ಆಕಾರದ ಬೆಳಕಿನದು. ಡಿಆರ್‌ಡಿಒ ಮತ್ತು ದೆಹಲಿಯ ಐಐಟಿ 2022ರಲ್ಲಿ ಪ್ರಯಾಗರಾಜ್ ಮತ್ತು ವಿಂಧ್ಯಾಚಲಗಳ ನಡುವೆ 100 ಕಿ.ಮೀ.ಗೂ ಹೆಚ್ಚು ಉದ್ದದ ಫೈಬರಿನಲ್ಲಿ ಕೀಲಿ ಕಳಿಸಿದವು. ಇಸ್ರೊ 2021ರಲ್ಲಿ 300 ಮೀಟರ್ ಬಯಲಿನಲ್ಲಿ ಮಾಡಿತು. 2023ರ ಏಪ್ರಿಲ್‌ನಲ್ಲಿ ಮಂಜೂರಾದ 6,003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಂ ಮಿಷನ್ನಿನ ಗುರಿಗಳಲ್ಲಿ 2,000 ಕಿ.ಮೀ. ಅಂತರದ ನೆಲೆಗಳ ನಡುವೆ ಉಪಗ್ರಹದ ಮೂಲಕ ಕೀಲಿ ಹಂಚುವುದೂ ಒಂದು.

ಸಹಕಾರ ಸಂಘದವರಿಗೆ ನನ್ನ ಸಲಹೆ ನೇರವಾದದ್ದು: ಇದಕ್ಕೆ ಒಂದು ರೂಪಾಯಿಯನ್ನೂ ಹಾಕಬೇಡಿ. ಕ್ವಾಂಟಂ ಕಂಪ್ಯೂಟರುಗಳಿಗೂ ಜಗ್ಗದ ಹೊಸ ಗೂಢಲಿಪಿ ವಿಧಾನಗಳನ್ನು ಅಮೆರಿಕದ ಮಾನಕ ಸಂಸ್ಥೆ 2024ರ ಆಗಸ್ಟ್‌ನಲ್ಲಿ ಅಂತಿಮಗೊಳಿಸಿದೆ. ಅವು ಬರೀ ಸಾಫ್ಟ್‌ವೇರ್. ನಿಮ್ಮ ಬ್ಯಾಂಕಿಂಗ್ ತಂತ್ರಾಂಶ ಒದಗಿಸುವವರು ಅದಕ್ಕೆ ಯಾವಾಗ ಬದಲಾಗುತ್ತಾರೆ ಎಂದು ಕೇಳಿ. ಅದಕ್ಕಿಂತ ಮೊದಲು, ಒಂದೇ ಪಾಸ್‌ವರ್ಡನ್ನು ನಾಲ್ಕು ಜನ ಗುಮಾಸ್ತರು ಹಂಚಿಕೊಳ್ಳುವ ಪದ್ಧತಿಯೇನಾದರೂ ಇದ್ದರೆ ಅದನ್ನು ನಿಲ್ಲಿಸಲಿ.

ಕಡೆಯದಾಗಿ ಪ್ರಯೋಗ. ಇದಕ್ಕೆ ಬೇಕಾದದ್ದು ಒಂದು ಲೇಸರ್ ಪ್ರಿಂಟರ್, ಓಎಚ್‌ಪಿ ಹಾಳೆ ಮತ್ತು 1 ಮಿಲಿವ್ಯಾಟಿಗಿಂತ ಕಡಿಮೆ ಶಕ್ತಿಯ ಕೆಂಪು ಲೇಸರ್. ಎರಡು ಸೆಂಟಿಮೀಟರ್ ಚೌಕದ ಚಿತ್ರವನ್ನು ಹೀಗೆ ಲೆಕ್ಕ ಹಾಕಿಸಿ: ಪ್ರತಿ ಚುಕ್ಕೆಗೂ, ಚೌಕದ ಕೇಂದ್ರದ ಸುತ್ತ ಅದು ಇರುವ ಕೋನವನ್ನು ತಿರುವಿನ ಸಂಖ್ಯೆಯಿಂದ ಗುಣಿಸಿ, ಕೇಂದ್ರದಿಂದ ಅದರ ಅಡ್ಡದೂರವನ್ನು ಗೆರೆಯ ಅಂತರದಿಂದ ಭಾಗಿಸಿ 360 ಡಿಗ್ರಿಯಿಂದ ಗುಣಿಸಿ, ಎರಡನ್ನೂ ಕೂಡಿಸಿ ಕೊಸೈನ್ ತೆಗೆಯಿರಿ. ಧನವಾದರೆ ಬಿಳಿ, ಋಣವಾದರೆ ಕಪ್ಪು. ಇಂಚಿಗೆ 600 ಚುಕ್ಕೆಯ ಪ್ರಿಂಟರಿನಲ್ಲಿ ಗೆರೆಯ ಅಂತರ ಆರು ಚುಕ್ಕೆ, ಅಂದರೆ 0.25 ಮಿ.ಮೀ. ಇರಲಿ. ಮುದ್ರಿಸುವಾಗ ಚಿತ್ರ ಹಿಗ್ಗದಂತೆ, ಕುಗ್ಗದಂತೆ ನೋಡಿಕೊಳ್ಳಿ. ಲೇಸರ್ ಸರಿಯಾಗಿ ಕವಲಿನ ಮೇಲೆ ಬಿದ್ದರೆ, 8 ಮೀಟರ್ ದೂರದ ಗೋಡೆಯ ಮೇಲೆ ನಡುವಿನ ಪ್ರಖರ ಚುಕ್ಕೆಯ ಎಡಬಲಗಳಲ್ಲಿ ಸುಮಾರು 20 ಮಿ.ಮೀ. ದೂರಕ್ಕೆ ಒಂದೊಂದು ಮಸುಕು ಉಂಗುರ ಕಾಣುತ್ತದೆ. ಕಪ್ಪು ಬಿಳುಪಿನ ಗ್ರೇಟಿಂಗ್ ಒಂದೊಂದು ಪಕ್ಕಕ್ಕೆ ಕಳಿಸುವುದು ಹೆಚ್ಚೆಂದರೆ 10% ಬೆಳಕನ್ನು, ಆದ್ದರಿಂದ ಕೋಣೆ ಕತ್ತಲಾಗಿರಬೇಕು. ಎರಡು ಉಂಗುರಗಳ ತಿರುವು ಒಂದಕ್ಕೊಂದು ವಿರುದ್ಧ. ಅದನ್ನು ಖಚಿತಪಡಿಸಲು ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದವರು 2013ರಲ್ಲಿ ತೋರಿಸಿದ ಸರಳ ವಿಧಾನವಿದೆ: ಉಂಗುರದ ದಾರಿಯಲ್ಲಿ ಪೀನಮಸೂರವೊಂದನ್ನು ಸ್ವಲ್ಪ ಓರೆಯಾಗಿ ಹಿಡಿದು, ಸಂಗಮಬಿಂದುವಿನ ಆಸುಪಾಸಿನಲ್ಲಿ ಕಾಗದವನ್ನು ಹಿಂದೆ ಮುಂದೆ ಸರಿಸುತ್ತ ಹೋದರೆ ಉಂಗುರ ಒಡೆದು ಓರೆಯಾದ ಪಟ್ಟಿಗಳಾಗುತ್ತದೆ. ನಡುವಿನ ಕಪ್ಪು ಗೆರೆಗಳೆಷ್ಟೋ ತಿರುವಿನ ಸಂಖ್ಯೆ ಅಷ್ಟು. ಪಟ್ಟಿಗಳು ಯಾವ ಕಡೆಗೆ ವಾಲಿವೆ ಎಂಬುದು ತಿರುವಿನ ದಿಕ್ಕನ್ನು ಹೇಳುತ್ತದೆ. ಮೊದಲು ಒಂದನೆಯ ತಿರುವಿನ ಹಾಳೆಯಿಂದ ಆರಂಭಿಸಿ, ಅದು ಸರಿಯಾಗಿ ಬಂದ ಮೇಲೆ ಎರಡು ಮತ್ತು ಮೂರಕ್ಕೆ ಹೋಗಿ, ಮತ್ತು ಮಕ್ಕಳು ಲೇಸರನ್ನು ನೇರವಾಗಿ ನೋಡದಂತೆ ಕಿರಣದ ಎತ್ತರವನ್ನು ಕುಳಿತವರ ಕಣ್ಣಿನ ಮಟ್ಟಕ್ಕಿಂತ ಕೆಳಗಿಡಿ.